ಕಾರಿನ ಗೇರ್ ಲಿವರ್‌ಗೆ ಯಾವ ಗ್ರೀಸ್? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸ್ಪೇರ್‌ಪಾರ್ಟ್ಸ್ ಕೌಂಟರ್ ಹಿಂದೆ ನಿಂತವರಿಗೆ ಈ ಮಾತು ಹೊಸದಲ್ಲ: "ಒಂದ್ ಡಬ್ಬಿ ಗ್ರೀಸ್ ಕೊಡ್ರಿ, ಗೇರ್ ಬಿಗಿ ಆಗೈತೆ." ಯಾವ ಗಾಡಿ, ಬಿಗಿ ಆಗಿದ್ದು ಎಲ್ಲಿ ಎಂದು ಕೇಳಿದರೆ ಅರ್ಧ ಜನಕ್ಕೆ ಬೇಸರ. ಕೇಳದೆ ಕೊಟ್ಟರೆ ಬೇಸರ ನಮ್ಮ ಕಡೆಗೇ ತಿರುಗುತ್ತದೆ. ಅದಕ್ಕೇ ಕೌಂಟರ್‌ನಲ್ಲಿ ಬರುವ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟಿದ್ದೇವೆ.

ಗೇರ್ ಬಿಗಿ ಬೀಳ್ತೈತೆ. ಗ್ರೀಸ್ ಹಚ್ಚಿದ್ರೆ ಸರಿ ಹೋಗ್ತದಾ?

ಹೋಗಬಹುದು, ಹೋಗದೆಯೂ ಇರಬಹುದು. ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ರಿವರ್ಸ್‌ವರೆಗೆ ಎಲ್ಲ ಗೇರ್ ಹಾಕಿ ನೋಡಿ. ಇಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಆದ ಮೇಲೆ ಮಾತ್ರ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದೇ ಲೆಕ್ಕ. ಕ್ಲಚ್ ಕೇಬಲ್, ಕ್ಲಚ್ ಆಯಿಲ್, ಪ್ರೆಶರ್ ಪ್ಲೇಟ್ ಕಡೆ ನೋಡಬೇಕು. ಲಿವರ್‌ಗೆ ಎಷ್ಟು ಗ್ರೀಸ್ ಮೆತ್ತಿದರೂ ವ್ಯರ್ಥ. ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರ್ ಮಾತ್ರ ಬಿಗಿ, ಆಮೇಲೆ ಸಡಿಲ ಎನ್ನುವುದಾದರೆ ಗೇರ್‌ಬಾಕ್ಸ್ ಆಯಿಲ್ ಹಳತಾಗಿದೆ ಅಥವಾ ಕಂಪನಿ ಹೇಳಿದ್ದಕ್ಕಿಂತ ಮಂದದ್ದನ್ನು ಯಾರೋ ಹಾಕಿದ್ದಾರೆ. ಎರಡನೇ ಗೇರ್ ಒಂದೇ "ಕರ್‌ರ್" ಎಂದರೆ ಆ ಗೇರಿನ ಸಿಂಕ್ರೋನೈಸರ್, ಅಂದರೆ ಗೇರ್ ಬೀಳುವ ಮುಂಚೆ ಒಳಗಿನ ವೇಗ ಹೊಂದಿಸುವ ಉಂಗುರ, ಸವೆದಿರಬಹುದು.

ಇಂಜಿನ್ ಆಫ್ ಇದ್ದಾಗಲೂ ಎಲ್ಲ ಗೇರ್ ಬಿಗಿ, ಲಿವರ್ ಅಲ್ಲಾಡಿಸಿದರೆ ಕಿರುಗುಟ್ಟುತ್ತದೆ, ನ್ಯೂಟ್ರಲ್‌ಗೆ ತಂದು ಬಿಟ್ಟರೆ ತಾನಾಗಿ ನಡುವಿಗೆ ಬರುವುದಿಲ್ಲ. ಹೀಗಿದ್ದರೆ ಮಾತ್ರ ಗ್ರೀಸ್ ವಿಷಯಕ್ಕೆ ಬನ್ನಿ.

ಬಿಗಿ ಇರೋದು ಲಿವರ್‌ನಾಗಾ, ಕೇಬಲ್‌ನಾಗಾ, ಗೇರ್‌ಬಾಕ್ಸ್‌ನಾಗಾ? ಗೊತ್ತಾಗೋದು ಹೆಂಗೆ?

ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಈಗಿನ ಹೆಚ್ಚಿನ ಫ್ರಂಟ್‌ವೀಲ್ ಕಾರುಗಳಲ್ಲಿ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಎರಡು ಕೇಬಲ್ ಹೋಗುತ್ತವೆ. ಒಂದು ಲಿವರ್‌ನ ಹಿಂದೆ ಮುಂದೆ ಚಲನೆಗೆ, ಅದು ಶಿಫ್ಟ್ ಕೇಬಲ್. ಇನ್ನೊಂದು ಎಡ ಬಲ ಚಲನೆಗೆ, ಅದು ಸೆಲೆಕ್ಟ್ ಕೇಬಲ್. ಬಿಗಿ ಯಾವ ದಿಕ್ಕಿನಲ್ಲಿದೆ ಎಂದು ಕೈಗೇ ತಿಳಿಯುತ್ತದೆ: ಎಡಬಲಕ್ಕೆ ಮಾತ್ರ ಬಿಗಿಯಿದ್ದರೆ ಸೆಲೆಕ್ಟ್ ಕಡೆ ಹುಡುಕಿ.

ಇನ್ನೂ ಖಚಿತ ಬೇಕೆಂದರೆ ಬಾನೆಟ್ ಎತ್ತಿ, ಗೇರ್‌ಬಾಕ್ಸ್ ಮೇಲೆ ಕೇಬಲ್ ತುದಿ ಕೂತಿರುವ ಕಡೆ ಕ್ಲಿಪ್ ತೆಗೆದು ಎರಡೂ ಬಿಡಿಸಿ. ಈಗ ಒಳಗೆ ಕೂತು ಲಿವರ್ ಆಡಿಸಿ. ಹಗುರವಾಗಿ ಆಡಿದರೆ ದೋಷ ಗೇರ್‌ಬಾಕ್ಸ್ ಬದಿಯಲ್ಲಿ. ಇನ್ನೂ ಬಿಗಿಯಿದ್ದರೆ ಲಿವರ್ ಅಥವಾ ಕೇಬಲ್‌ನಲ್ಲಿ. ಅಭ್ಯಾಸ ಇಲ್ಲದವರು ಇದನ್ನು ಮೆಕ್ಯಾನಿಕ್ ಕೈಲಿ ಮಾಡಿಸಿ, ಆ ಪ್ಲಾಸ್ಟಿಕ್ ತುದಿಗಳು ಸುಲಭವಾಗಿ ಮುರಿಯುತ್ತವೆ.

ಲಿವರ್ ಬುಡದಾಗೆ ಏನಿರ್ತದೆ?

ಲಿವರ್ ಸುತ್ತ ಇರುವ ರೆಕ್ಸಿನ್ ಹೊದಿಕೆ, ಅಂದರೆ ಬೂಟ್, ಎತ್ತಿ ನೋಡಿದರೆ ಲಿವರ್‌ನ ಕೆಳಭಾಗದಲ್ಲಿ ಒಂದು ಗುಂಡು, ಅದು ಕೂತಿರುವ ಪ್ಲಾಸ್ಟಿಕ್ ಬಟ್ಟಲು. ಪಕ್ಕದಲ್ಲಿ ಎಡಬಲ ಚಲನೆಯನ್ನು ಕೇಬಲ್‌ಗೆ ತಿರುಗಿಸುವ ಒಂದು ಸಣ್ಣ ತೋಳು, ಅದರ ಪಿನ್, ಆ ಪಿನ್ ಸುತ್ತ ಕೂರುವ ಸಣ್ಣ ನೈಲಾನ್ ಕೊಳವೆ, ಅಂದರೆ ಬುಷ್. ಲಿವರನ್ನು ನಡುವಿಗೆ ತರುವ ಸ್ಪ್ರಿಂಗ್. ಕೇಬಲ್ ತುದಿಗಳು ಕೂರುವ ಎರಡು ಸಣ್ಣ ಗುಂಡುಗಳು. ಇಷ್ಟೇ.

ಇಲ್ಲಿ ಉಕ್ಕಿಗೆ ಉಕ್ಕು ತಾಗುವ ಜಾಗ ಬಹಳ ಕಡಿಮೆ. ಹೆಚ್ಚಿನ ಕಡೆ ಉಕ್ಕಿಗೆ ಪ್ಲಾಸ್ಟಿಕ್, ಇಲ್ಲವೇ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್. ಭಾರ ಕಡಿಮೆ, ವೇಗ ಕಡಿಮೆ, ಇಂಜಿನ್ ಬಿಸಿ ನೇರವಾಗಿ ತಾಗುವುದಿಲ್ಲ. ಲಾರಿ ಚಕ್ರದ ಬೇರಿಂಗ್‌ಗೆ ಬೇಕಾದ ಗಟ್ಟಿಮುಟ್ಟು ಗುಣಗಳು ಇಲ್ಲಿ ಬೇಕಿಲ್ಲ. ಪ್ಲಾಸ್ಟಿಕ್ಕಿಗೆ ಕೆಡುಕು ಮಾಡಬಾರದು, ಒಣಗಬಾರದು, ಬಿಸಿಲಿಗೆ ಕರಗಿ ಇಳಿಯಬಾರದು. ಬೇಕಿರುವುದು ಈ ಮೂರೇ ಗುಣ.

ಹಂಗಾದ್ರೆ ಯಾವುದು ತಗೋಬೇಕು? ಒಂದೇ ಮಾತಿನಾಗ್ ಹೇಳ್ರಿ.

ಪ್ಲಾಸ್ಟಿಕ್‌ಗೆ ಸೇಫ್ ಎಂದು ಬರೆದಿರುವ, ಸಿಂಥೆಟಿಕ್ ಎಣ್ಣೆಯ, ಎನ್‌ಎಲ್‌ಜಿಐ (ಡಬ್ಬಿ ಮೇಲೆ ಬರೆದಿರುವ ಗಟ್ಟಿತನದ ನಂಬರು) 1 ಅಥವಾ 2ರ ಗ್ರೀಸ್. ಅದರಲ್ಲಿ ಪಿಟಿಎಫ್‌ಇ ಸೇರಿದ್ದರೆ ಇನ್ನೂ ಒಳ್ಳೆಯದು; ದೋಸೆ ಕಾವಲಿಯ ನಾನ್‌ಸ್ಟಿಕ್ ಲೇಪನದಲ್ಲಿ ಇರುವುದೂ ಅದೇ ವಸ್ತು. ಸಣ್ಣ ಟ್ಯೂಬ್ ಸಾಕು. ಅರ್ಧ ಕೆಜಿ ಡಬ್ಬಿ ತಗೊಂಡರೆ ಮೊಮ್ಮಕ್ಕಳ ಕಾರಿಗೂ ಉಳಿಯುತ್ತದೆ.

ಸಿಂಥೆಟಿಕ್‌ನಲ್ಲೂ ಬಗೆಗಳಿವೆ. ಪಿಎಒ ಎಂಬ ಬಗೆಯ ಎಣ್ಣೆ ಹೆಚ್ಚಿನ ಪ್ಲಾಸ್ಟಿಕ್‌ಗಳ ಜೊತೆ ಜಗಳವಿಲ್ಲದೆ ಇರುತ್ತದೆ. ಎಸ್ಟರ್ ಬಗೆಯದು ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡಿಸುತ್ತದೆ. ಟ್ಯೂಬ್ ಮೇಲೆ ಅಷ್ಟು ವಿವರ ಇಲ್ಲದಿದ್ದರೆ ಆ ಉತ್ಪನ್ನದ ಟೆಕ್ನಿಕಲ್ ಡೇಟಾಶೀಟ್ ಕಂಪನಿಯ ಸೈಟಿನಲ್ಲಿ ಸಿಗುತ್ತದೆ, ಫೋನಿನಲ್ಲೇ ತೆಗೆದು ನೋಡಿ. ಎಲ್ಲಕ್ಕಿಂತ ಮೊದಲು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬೇರೆ ಗ್ರೀಸ್ ಹೆಸರಿಸಿದ್ದರೆ ಅದೇ ಅಂತಿಮ. ನಮ್ಮ ಮಾತು ಅದರ ಮುಂದೆ ನಡೆಯುವುದಿಲ್ಲ.

ಮನೆಯಾಗೆ ಎಪಿ-3 ಗ್ರೀಸ್ ಐತೆ. ಅದನ್ನೇ ಹಚ್ಚಿದ್ರೆ ಏನಾಗ್ತದೆ?

ತಕ್ಷಣ ಏನೂ ಆಗುವುದಿಲ್ಲ; ಎರಡು ವಾರ ಚೆನ್ನಾಗೂ ಅನ್ನಿಸುತ್ತದೆ.

ಎಪಿ-3 ಎಂದರೆ ಚಕ್ರದ ಬೇರಿಂಗ್‌ಗಾಗಿ ಮಾಡಿದ ಲಿಥಿಯಂ ಸೋಪ್ ಗ್ರೀಸ್. ಅದರ ಗಟ್ಟಿತನ 3. ಗೇರ್ ಲಿವರ್‌ನ ಸಣ್ಣ ಸಂದಿಗೆ ಅದು ಮಂದ. ನಿಧಾನ ಚಲನೆಯಲ್ಲಿ ಒಮ್ಮೆ ಪಕ್ಕಕ್ಕೆ ಸರಿದರೆ ಮತ್ತೆ ಜಾಗಕ್ಕೆ ಹರಿದು ಬರುವುದಿಲ್ಲ. ಉಜ್ಜುವ ಜಾಗ ಒಣಗಿ, ಅಂಚಿನಲ್ಲಿ ಗ್ರೀಸ್ ಗುಡ್ಡೆ ಕೂತು, ಅದಕ್ಕೆ ಧೂಳು ಅಂಟುತ್ತದೆ. ಬುಷ್ ನೈಲಾನ್ ಅಥವಾ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಈ ಗ್ರೀಸ್‌ನಲ್ಲಿರುವ ಖನಿಜ ಎಣ್ಣೆಯನ್ನು ತಡೆದುಕೊಳ್ಳುತ್ತದೆ, ಆ ಭಯ ಬೇಡ. ಆದರೆ ಕನ್ಸೋಲ್‌ನ (ಎರಡು ಸೀಟಿನ ನಡುವೆ ಲಿವರ್ ಸುತ್ತ ಇರುವ ಪೆಟ್ಟಿಗೆಯ) ಮುಚ್ಚಳ, ಕ್ಲಿಪ್‌ಗಳು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಬೆರೆತ ಪ್ಲಾಸ್ಟಿಕ್‌ನವು. ಒತ್ತಡದಲ್ಲಿರುವ ಕ್ಲಿಪ್‌ಗೆ ಎಣ್ಣೆ ಹರಿದರೆ ಕೂದಲೆಳೆ ಬಿರುಕು ಬಿಡುವ ಸಂಭವ ಇದೆ. ಒಳಬೂಟಿನ ರಬ್ಬರ್ ಇಪಿಡಿಎಂ ಅಥವಾ ಸಹಜ ರಬ್ಬರ್ ಆಗಿದ್ದರೆ ಖನಿಜ ಎಣ್ಣೆಗೆ ಊದಿಕೊಂಡು ಮೆತ್ತಗಾಗುತ್ತದೆ.

ದಾರಿಯಲ್ಲಿ ಸಿಕ್ಕಿಬಿದ್ದಾಗ ಉಕ್ಕಿನ ಪಿನ್ ಒಂದಕ್ಕೆ ಚೂರು ಹಚ್ಚಿದರೆ ಪ್ರಪಂಚ ಮುಳುಗಲ್ಲ. ಬೇಕೆಂದೇ ಅದನ್ನು ಆರಿಸಬೇಡಿ. ಹಳದಿ ಬಣ್ಣದ ಚಾಸಿಸ್ ಗ್ರೀಸ್ ಅಂತೂ ಕಾರಿನ ಒಳಗೆ ತರಲೇಬೇಡಿ.

ಡಬ್ಬಿ ಮೇಲೆ 2, 3 ಅಂತ ಬರ್ದಿರ್ತದಲ್ಲ, ಜಾಸ್ತಿ ನಂಬರ್ ಅಂದ್ರೆ ಒಳ್ಳೇದಾ?

ಅಲ್ಲ. ಅದು ಗಟ್ಟಿತನದ ನಂಬರು, ಗುಣಮಟ್ಟದ್ದಲ್ಲ. ಅಮೆರಿಕದ ಎನ್‌ಎಲ್‌ಜಿಐ ಸಂಸ್ಥೆ ಮಾಡಿದ ಪಟ್ಟಿ ಅದು. ತೀರಾ ತೆಳುವಾದ 000ದಿಂದ ಇಟ್ಟಿಗೆಯಷ್ಟು ಗಟ್ಟಿಯ 6ರವರೆಗೆ ಹೋಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ, ಚೆನ್ನಾಗಿ ನಾದಿದ ಗ್ರೀಸ್ ಮೇಲೆ ಗೊತ್ತಾದ ತೂಕದ ಶಂಕುವೊಂದನ್ನು ಬಿಟ್ಟು ಐದು ಸೆಕೆಂಡಿನಲ್ಲಿ ಎಷ್ಟು ಆಳ ಇಳಿಯಿತು ಎಂದು ಅಳೆಯುತ್ತಾರೆ. 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2. 31ರಿಂದ 34 ಇಳಿದರೆ 1. ಗೇರ್ ಲಿವರ್‌ಗೆ ಈ ಎರಡೂ ನಡೆಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಹತ್ತಿರ ಹೋಗುವ ನಮ್ಮ ಕಡೆಗೆ ನಾವು 2ನ್ನೇ ಕೊಡುತ್ತೇವೆ.

ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ. ಕೆಂಪು, ನೀಲಿ, ಹಸಿರು ಎಲ್ಲ ಬೆರೆಸಿದ ಬಣ್ಣ.

ಬಿಳಿ ಲಿಥಿಯಂ ಗ್ರೀಸ್ ಹೆಂಗೆ?

ಲಿಥಿಯಂ ಗ್ರೀಸ್‌ಗೆ ಜಿಂಕ್ ಆಕ್ಸೈಡ್ ಸೇರಿಸಿದ್ದರಿಂದ ಬಂದ ಬಿಳುಪು. ಬಾಗಿಲ ಹಿಂಜ್, ಬಾನೆಟ್ ಲಾಕ್‌ಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಗೇರ್ ಲಿವರ್‌ನಲ್ಲಿ ಉಕ್ಕಿಗೆ ಉಕ್ಕು, ಉಕ್ಕಿಗೆ ನೈಲಾನ್ ತಾಗುವ ಕಡೆ ನಡೆಯುತ್ತದೆ. ಒಳಗಿನ ಎಣ್ಣೆ ಖನಿಜದ್ದೋ ಸಿಂಥೆಟಿಕ್ಕೋ ಎಂದು ಮಾತ್ರ ನೋಡಿಕೊಳ್ಳಿ. ಸ್ಪ್ರೇ ರೂಪದ್ದಾದರೆ ಅದರಲ್ಲಿ ಸಾಲ್ವೆಂಟ್ ಇರುತ್ತದೆ, ಹೊಡೆದ ಕೂಡಲೇ ನೀರಿನ ಹಾಗೆ ಹರಿದು ಕಾರ್ಪೆಟ್ಟು, ಸ್ವಿಚ್ಚು ಎಲ್ಲ ಸೇರುತ್ತದೆ. ಕನ್ಸೋಲ್ ಒಳಗೆ ಟ್ಯೂಬೇ ಮೇಲು.

ಸಿಲಿಕೋನ್ ಗ್ರೀಸ್ ಎಲ್ಲಕ್ಕೂ ಸೇಫ್ ಅಂತಾರಲ್ಲ?

ರಬ್ಬರ್‌ಗೆ, ಪ್ಲಾಸ್ಟಿಕ್‌ಗೆ ಸೇಫ್, ನಿಜ. ಬೂಟ್‌ನ ಅಂಚು, ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಉಜ್ಜಿ ಕಿರುಗುಟ್ಟುವ ಜಾಗ, ಇವಕ್ಕೆ ಅದೇ ಸರಿಯಾದದ್ದು. ಉಕ್ಕಿಗೆ ಉಕ್ಕು ಭಾರ ಬಿದ್ದು ಉಜ್ಜುವ ಕಡೆ ಅದು ತೀರಾ ದುರ್ಬಲ, ಪದರವೇ ನಿಲ್ಲುವುದಿಲ್ಲ. ಇನ್ನೊಂದು ಎಚ್ಚರಿಕೆ: ಸದ್ಯದಲ್ಲೇ ಗಾಡಿಗೆ ಪೇಂಟ್ ಮಾಡಿಸುವವರು ಸಿಲಿಕೋನ್ ಮುಟ್ಟಿದ ಕೈಯಲ್ಲಿ ಬಾಡಿ ಮುಟ್ಟಬೇಡಿ. ಅದು ತಾಗಿದ ಕಡೆ ಬಣ್ಣ ಕೂರದೆ ಗುಂಡಿ ಗುಂಡಿಯಾಗುತ್ತದೆ, ಪೇಂಟರ್ ನಿಮ್ಮನ್ನು ಬೈಯುತ್ತಾರೆ.

ಕಪ್ಪು ಗ್ರೀಸ್, ಮಾಲಿಬ್ಡಿನಮ್ಮಿಂದು?

ಡ್ರೈವ್‌ಶಾಫ್ಟ್ ಜಾಯಿಂಟ್‌ಗೆ ರಾಜ. ಲಿವರ್‌ಗೆ ಅನಗತ್ಯ. ಒಮ್ಮೆ ಪ್ಯಾಂಟಿಗೆ ತಾಗಿದರೆ ಆ ಪ್ಯಾಂಟ್ ಗ್ಯಾರೇಜಿಗೇ ಮೀಸಲು.

ಡಬ್ಲ್ಯೂಡಿ-40 ಹೊಡೆದ ಕೂಡ್ಲೆ ಹಗುರ ಆಯ್ತು. ಹದಿನೈದು ದಿನಕ್ಕೆ ಮೊದಲಿಗಿಂತ ಬಿಗಿ. ಯಾಕೆ?

1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದೇ ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ತೆಳ್ಳಗಿನ ಎಣ್ಣೆ, ಜೊತೆಗೆ ಬೇಗ ಆರುವ ಸಾಲ್ವೆಂಟ್. ನೀವು ಹೊಡೆದದ್ದು ಕಂಪನಿ ಹಚ್ಚಿದ್ದ ಹಳೆಯ ಗ್ರೀಸನ್ನು ಕರಗಿಸಿ ತೊಳೆದುಕೊಂಡು ಹೋಯಿತು. ಸಾಲ್ವೆಂಟ್ ಆರಿತು, ಉಳಿದ ತೆಳು ಎಣ್ಣೆಗೆ ಧೂಳು ಹಿಡಿಯಿತು, ಉಜ್ಜುವ ಜಾಗಕ್ಕೆ ಈಗ ಏನೂ ಇಲ್ಲ. ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಅದನ್ನು ಧಾರಾಳವಾಗಿ ಬಳಸಿ. ಲಿವರ್ ಬುಡಕ್ಕೆ ಹೊಡೆದಿದ್ದರೆ ಒರೆಸಿ ತೆಗೆದು ಸರಿಯಾದ ಗ್ರೀಸ್ ಹಚ್ಚಲೇಬೇಕು.

ವ್ಯಾಸಲೀನ್, ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ?

ಎಣ್ಣೆ ಮಿಲ್ಲುಗಳ ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಈ ಪ್ರಶ್ನೆ ಬರದೆ ಇರುತ್ತದೆಯೇ. ತಿನ್ನುವ ಎಣ್ಣೆಗಳು ಗಾಳಿ, ಬಿಸಿಗೆ ಆಕ್ಸಿಜನ್ ಹೀರಿ ಅಂಟಂಟಾಗುತ್ತವೆ. ಬಾಂಡ್ಲಿಯ ಹೊರಮೈ ಮೇಲೆ ಕೂರುವ ಜಿಗುಟು ಅದೇ. ಗುಂಡು ಮತ್ತು ಬಟ್ಟಲಿನ ನಡುವೆ ಆ ಜಿಗುಟು ಕೂತರೆ ಲಿವರ್ ಇನ್ನೂ ಬಿಗಿಯಾಗುತ್ತದೆ.

ಎತ್ತಿನ ಗಾಡಿಯ ಅಚ್ಚಿಗೆ ಹಿಂದೆ ಹರಳೆಣ್ಣೆಯಲ್ಲೇ ಕೀಲೆಣ್ಣೆ ಮಾಡುತ್ತಿದ್ದರಲ್ಲ ಎಂದು ಹಿರಿಯರೊಬ್ಬರು ವಾದಿಸಿದ್ದುಂಟು. ಮಾತು ಸರಿ. ಹರಳೆಣ್ಣೆ ನಿಜಕ್ಕೂ ಒಳ್ಳೆಯ ಕೀಲೆಣ್ಣೆ, ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಅದರ ಇಂಗ್ಲಿಷ್ ಹೆಸರಿನಿಂದ. ಆದರೆ ಗಾಡಿ ಅಚ್ಚನ್ನು ಮತ್ತೆ ಮತ್ತೆ ಬಿಚ್ಚಿ ಒರೆಸಿ ಹೊಸದಾಗಿ ಹಾಕುತ್ತಿದ್ದರು. ಕನ್ಸೋಲ್ ಬಿಚ್ಚಲು ನಿಮಗೆ ಅಷ್ಟು ಪುರುಸೊತ್ತಿದೆಯೇ?

ವ್ಯಾಸಲೀನ್ ಪ್ಲಾಸ್ಟಿಕ್‌ಗೆ ಅಷ್ಟೇನೂ ಕೆಡುಕಲ್ಲ, ಆದರೆ 40ರಿಂದ 60 ಡಿಗ್ರಿ ಒಳಗೇ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನ ಎಪಿಎಂಸಿ ಯಾರ್ಡಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ಲಿಥಿಯಂ ಸೋಪ್ ಗ್ರೀಸ್ ಸುಮಾರು 180 ಡಿಗ್ರಿ ದಾಟುವವರೆಗೂ ಹನಿಯುವುದಿಲ್ಲ.

ಕೇಬಲ್ ಒಳಗೆ ಎಣ್ಣೆ ಬಿಟ್ರೆ ಹಗುರ ಆಗ್ತದಂತೆ, ನಿಜಾನಾ?

ಸೈಕಲ್, ಹಳೆಯ ಸ್ಕೂಟರ್ ಕೇಬಲ್‌ಗೆ ನಡೆದ ವಿದ್ಯೆ ಇದು. ಕಾರಿನ ಗೇರ್ ಕೇಬಲ್ ಒಳಗೆ ಪ್ಲಾಸ್ಟಿಕ್ ಒಳಪದರ ಇರುತ್ತದೆ, ಅದಕ್ಕೆ ಬೇಕಾದ ಲೂಬ್ರಿಕೆಂಟ್ ಕಾರ್ಖಾನೆಯಲ್ಲೇ ಹಾಕಿ ಎರಡೂ ತುದಿ ರಬ್ಬರ್‌ನಿಂದ ಮುಚ್ಚಿರುತ್ತಾರೆ. ಹೊರಗಿನಿಂದ ಬಿಟ್ಟ ಎಣ್ಣೆ ಉದ್ದಕ್ಕೂ ಹೋಗುವುದಿಲ್ಲ, ಹೋದರೂ ಒಳಪದರಕ್ಕೆ ಒಗ್ಗದಿರಬಹುದು. ಕೇಬಲ್ ಬಿಗಿಯಾಗಲು ಸಾಮಾನ್ಯ ಕಾರಣ ತುದಿಯ ರಬ್ಬರ್ ಹರಿದು ನೀರು ಮಣ್ಣು ಒಳಗೆ ಇಳಿಯುವುದು, ಇಲ್ಲವೇ ಬೇರೆ ಕೆಲಸಕ್ಕೆ ಬಿಚ್ಚಿದಾಗ ಕೇಬಲನ್ನು ಕಡಿದಾಗಿ ಬಗ್ಗಿಸಿ ಕೂರಿಸುವುದು. ಒಳಗೆ ತುಕ್ಕು ಹಿಡಿದ ಕೇಬಲ್‌ಗೆ ಔಷಧವಿಲ್ಲ, ಬದಲಿಸಬೇಕು. ಗ್ರೀಸ್ ಬೇಕಿರುವುದು ಕೇಬಲ್ ತುದಿಯ ಗುಂಡಿಗೆ ಮಾತ್ರ.

ನಮ್ದು ಹೊಳಲ್ಕೆರೆ, ಹೊಸದುರ್ಗ ಕಡೆ ಓಡಾಟ. ಕೆಂಪು ಧೂಳು ಜಾಸ್ತಿ. ಜಾಸ್ತಿ ಗ್ರೀಸ್ ಹಾಕ್ಲಾ?

ಕಡಿಮೆ ಹಾಕಿ.

ಅದಿರಿನ ಲಾರಿಗಳು ಓಡಾಡುವ ರಸ್ತೆಯ ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಆಭರಣ, ಗಾಜು ಪಾಲಿಶ್ ಮಾಡಲು ಬಳಸುವ ಕೆಂಪು ಪುಡಿಯೂ ಅದೇ ವಸ್ತು. ಹೊರಗೆ ಎದ್ದು ನಿಂತ ಗ್ರೀಸ್‌ಗೆ ಅದು ಅಂಟಿ, ಬುಷ್ ಒಳಗೆ ಸೇರಿ, ಪ್ರತಿ ಗೇರ್‌ಗೂ ಚೂರು ಚೂರು ಸವೆಸುತ್ತದೆ. ಇಂಥ ಕಡೆ ಗ್ರೀಸ್‌ಗಿಂತ ಬೂಟ್ ಮುಖ್ಯ. ಮೇಲಿನ ರೆಕ್ಸಿನ್ ಚೆಂದಕ್ಕೆ ಮಾತ್ರ; ಅದರ ಕೆಳಗೆ ಧೂಳು ತಡೆಯುವ ರಬ್ಬರ್ ಅಥವಾ ಸ್ಪಾಂಜ್ ಪದರ ಇದ್ದರೆ ಅದು ಹರಿದಿದೆಯೇ ನೋಡಿ. ಚಿತ್ರದುರ್ಗದ ಕಡೆಯಿಂದ ಬರುವ ಗಾಡಿಗಳಲ್ಲಿ ನಾವು ಕಂಡಂತೆ, ಆ ಪದರ ಹರಿದ ಕಾರಿನ ಲಿವರ್ ಬುಡದಲ್ಲಿ ಗ್ರೀಸ್ ಬೆರಳಿಗೆ ತಗೊಂಡು ತಿಕ್ಕಿದರೆ ಜರಜರ ಎನ್ನುತ್ತದೆ. ಇಟ್ಟಿಗೆ ಬಣ್ಣದ ಕೆಸರಾಗಿರುತ್ತದೆ ಅದು. ಅದರ ಮೇಲೆ ಹೊಸ ಗ್ರೀಸ್ ಹಚ್ಚಿದರೆ ಸವೆತಕ್ಕೆ ಇನ್ನಷ್ಟು ಕೆಸರು ಕಲಸಿಕೊಟ್ಟಂತೆ.

ಮನೆಯಾಗೇ ಹಚ್ಚೋದು ಹೆಂಗೆ?

ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಯಾಕೆಂದರೆ ಗಾಡಿ ನ್ಯೂಟ್ರಲ್‌ನಲ್ಲಿ ಇರುತ್ತದೆ. ಬೂಟ್‌ನ ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ. ಸ್ಕ್ರೂಡ್ರೈವರ್ ಹಾಕಿದರೆ ಅಂಚಿನಲ್ಲಿ ಗುರುತು ಉಳಿಯುತ್ತದೆ. ಬೂಟ್ ಮೇಲಕ್ಕೆ ಮಗುಚಿದರೆ ಸಾಕು, ಅನೇಕ ಗಾಡಿಗಳಲ್ಲಿ ಲಿವರ್ ತುದಿಯ ಗುಬ್ಬಿ (ನಾಬ್) ಬಿಚ್ಚುವ ಅಗತ್ಯವೇ ಇಲ್ಲ. ಪೂರ್ತಿ ಕನ್ಸೋಲ್ ತೆಗೆಯಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ: ಹಲವು ಕಾರುಗಳಲ್ಲಿ ಏರ್‌ಬ್ಯಾಗ್‌ನ ಕಂಟ್ರೋಲ್ ಯೂನಿಟ್ ಲಿವರ್‌ನ ಮುಂದೆ ಅದೇ ಕನ್ಸೋಲ್ ಕೆಳಗೆ ಇರುತ್ತದೆ. ಅಲ್ಲಿ ಕುಟ್ಟುವುದು, ವೈರ್ ಎಳೆಯುವುದು ಬೇಡ, ತಿಳಿದವರಿಗೆ ಬಿಡಿ.

ಹಳೆಯ ಗ್ರೀಸನ್ನು ಒಣ ಬಟ್ಟೆಯಿಂದ, ಸಂದಿಗಳಲ್ಲಿ ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒರೆಸಿ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಚೂರು ಹಚ್ಚಿ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ, ಪ್ಲಾಸ್ಟಿಕ್ಕೂ ಹಾಳು, ಮುಚ್ಚಿದ ಕಾರಿನಲ್ಲಿ ಬೆಂಕಿಯ ಭಯವೂ ಹೌದು. ಒರೆಸುವಾಗಲೇ ಬುಷ್, ಬಟ್ಟಲು ನೋಡಿಕೊಳ್ಳಿ.

ಆಮೇಲೆ ಒಂದು ಶೇಂಗಾ ಬೀಜದಷ್ಟು ಗ್ರೀಸ್ ತಗೊಳ್ಳಿ. ಇಡೀ ಲಿವರ್‌ಗೆ ಅಷ್ಟೇ. ಗುಂಡಿನ ಸುತ್ತ, ಪಕ್ಕದ ತೋಳಿನ ಪಿನ್‌ಗೆ, ಸ್ಪ್ರಿಂಗ್ ತಾಗುವ ಎರಡು ತುದಿಗೆ, ಕೇಬಲ್ ಗುಂಡುಗಳಿಗೆ ಹತ್ತಿ ಕಡ್ಡಿಯಿಂದ ಸವರಿ. ಕ್ಲಚ್ ಒತ್ತಿ ಎಲ್ಲ ಗೇರ್‌ಗಳಿಗೂ ನಿಧಾನವಾಗಿ ಹಾಕಿ ತೆಗೆಯಿರಿ. ಆಗ ಒಳಗಿಂದ ಹೊರಗೆ ತಳ್ಳಲ್ಪಟ್ಟ ಗ್ರೀಸ್ ಉಂಗುರದಂತೆ ಕಾಣುತ್ತದೆ. ಅದನ್ನು ಒರೆಸಿಬಿಡಿ. ಕಣ್ಣಿಗೆ ಕಾಣುವ ಗ್ರೀಸ್ ಕೆಲಸ ಮಾಡುತ್ತಿರುವುದಿಲ್ಲ.

ಹಳೇದು ಒರೆಸಲೇಬೇಕಾ? ಮೇಲೇ ಹಚ್ಚಿದ್ರೆ?

ಗ್ರೀಸ್ ಎಂದರೆ ಎಣ್ಣೆಯನ್ನು ಹಿಡಿದಿಟ್ಟ ಒಂದು ಸೋಪು, ಇಲ್ಲವೇ ಜೇಡಿ, ಪಾಲಿಯೂರಿಯಾದಂಥ ಬೇರೆ ವಸ್ತು. ಬೇರೆ ಬೇರೆ ಬಗೆಯವು ಬೆರೆತರೆ ಕೆಲವೊಮ್ಮೆ ಹಿಡಿತ ಸಡಿಲಿ ಎಣ್ಣೆ ಸೋರಿ ಹೋಗುತ್ತದೆ. ಲಿಥಿಯಂ ಜೊತೆ ಜೇಡಿಯದು ಹೊಂದುವುದಿಲ್ಲ, ಪಾಲಿಯೂರಿಯಾ ಬಹಳ ಸಲ ಹೊಂದುವುದಿಲ್ಲ. ಕಂಪನಿ ಯಾವುದು ಹಚ್ಚಿತ್ತೋ ನಿಮಗೆ ತಿಳಿಯದು. ಒರೆಸಿ.

ಲಿವರ್ ಲಡಬಡ ಅಲ್ಲಾಡ್ತದೆ. ಗಟ್ಟಿ ಗ್ರೀಸ್ ತುಂಬಿದ್ರೆ ನಿಲ್ತದಾ?

ಒಂದು ವಾರ ಸದ್ದು ಮುಚ್ಚುತ್ತದೆ. ಬುಷ್ ಸವೆದಿದೆ, ಬದಲಿಸಿ. ಗ್ರೀಸ್‌ಗೆ ಹೋಲಿಸಿದರೆ ಬುಷ್‌ನ ಬೆಲೆ ದೊಡ್ಡದೇನಲ್ಲ, ಅದನ್ನು ಹಾಕುವ ಕೂಲಿಯೇ ಹೆಚ್ಚು. ಕೆಲವು ಮಾಡೆಲ್‌ಗಳಿಗೆ ಬುಷ್ ಬಿಡಿಯಾಗಿ ಬರುವುದಿಲ್ಲ, ಕೇಬಲ್ ಅಥವಾ ಲಿವರ್ ಸೆಟ್ ಪೂರ್ತಿ ತಗೊಳ್ಳಬೇಕು. ಮೊದಲೇ ವಿಚಾರಿಸಿ.

ಮಾರುತಿ 800, ಜೀಪ್‌ಗೂ ಇದೇ ಲೆಕ್ಕಾನಾ?

800ರಲ್ಲಿ ಕೇಬಲ್ ಬದಲು ಗಾಡಿಯ ಕೆಳಗೆ ರಾಡ್ ಹೋಗುತ್ತದೆ. ಅದರ ಜಾಯಿಂಟ್, ಬುಷ್‌ಗಳಿಗೆ ಮಳೆ ನೀರು, ಕೆಸರು ನೇರವಾಗಿ ಬಡಿಯುತ್ತದೆ. ಅಲ್ಲಿಗೆ ನೀರು ತಡೆಯುವ ಲಿಥಿಯಂ ಕಾಂಪ್ಲೆಕ್ಸ್ ಅಥವಾ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್, ಎನ್‌ಎಲ್‌ಜಿಐ 2, ಸರಿಯಾದ ಆಯ್ಕೆ. 2014ರಲ್ಲಿ ತಯಾರಿ ನಿಂತ ಗಾಡಿಯಾದರೂ ಹಳ್ಳಿ ಕಡೆ ಇನ್ನೂ ಓಡುತ್ತಿವೆ, ಬುಷ್ ಕಿಟ್‌ಗಳೂ ಸಿಗುತ್ತವೆ.

ಜೀಪ್, ಹಳೆಯ ಸುಮೋಗಳಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸ್ ತಲೆಯ ಮೇಲೆ ಕೂತಿರುತ್ತದೆ. ಅಲ್ಲಿ ಬಿಸಿಯೂ ಹೆಚ್ಚು, ಒಳಗೆ ಆಯಿಲ್ ಬೇರೆ. ಬಿಚ್ಚಿದಾಗ ಒಂದು ಕಾಳು ಮಣ್ಣೂ ಒಳಗೆ ಬೀಳಬಾರದು. ಮೇಸ್ತ್ರಿ ಕೆಲಸ ಅದು.

ನನ್ನ ಕಾರು ಎಎಂಟಿ. ಲಿವರ್‌ಗೆ ಗ್ರೀಸ್ ಬೇಕಾ?

ಬೇಡ. ಎಎಂಟಿ ಎಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನಾಗಿ ಬದಲಾಗುವ ಗಾಡಿ. ಅಲ್ಲಿ ಲಿವರ್ ಒಂದು ವಿದ್ಯುತ್ ಸ್ವಿಚ್ ಮಾತ್ರ, ಗೇರ್ ಹಾಕುವುದು ಗೇರ್‌ಬಾಕ್ಸ್ ಮೇಲಿನ ಯಂತ್ರ. ಒಳಗೆ ಏನಾದರೂ ಸ್ಪ್ರೇ ಹೊಡೆದರೆ ಸೆನ್ಸಾರ್ ಕೆಟ್ಟು ಗಾಡಿ ನಿಲ್ಲಬಹುದು.

ದೊಡ್ಡ ಕಾರಿನ ಗೇರ್ ಬೆಣ್ಣೆ ಹಂಗೆ ಬೀಳ್ತದೆ. ಅಂಥ ಗ್ರೀಸ್ ಸಿಗ್ತದಾ?

ಡ್ಯಾಂಪಿಂಗ್ ಗ್ರೀಸ್ ಎಂಬುದಿದೆ. ಬಹಳ ಜಿಗುಟಾದ ಎಣ್ಣೆಯಿಂದ ಮಾಡಿದ್ದು. ಸ್ಟೀರಿಯೋ ಗುಬ್ಬಿ, ಕ್ಯಾಮೆರಾ ಲೆನ್ಸ್ ತಿರುಗಿಸುವಾಗ ಸಿಗುವ ತೂಕದ ಅನುಭವ ಅದರದ್ದೇ. ಲಿವರ್‌ಗೆ ಹಚ್ಚಿದರೆ ಸಡಿಲ ಬಡಿತ ಕಡಿಮೆಯಾಗಿ ಗಂಭೀರವಾಗಿ ಆಡುತ್ತದೆ, ಆದರೆ ಡಿಸೆಂಬರ್ ಬೆಳಗಿನ ಚಳಿಗೆ ಎಳೆದಂತೆ ಭಾರವಾಗುತ್ತದೆ. ನಾವು ಕೊಡುವುದಿಲ್ಲ. ದೊಡ್ಡ ಕಾರಿನ ಆ ನಯ ಬರುವುದು ಗೇರ್‌ಬಾಕ್ಸ್‌ನ ಒಳಗಿನಿಂದ. ನಿಮಗೂ ಅದು ಬೇಕೆಂದರೆ ಕಂಪನಿ ಹೇಳಿದ ಗ್ರೇಡಿನ ಹೊಸ ಗೇರ್ ಆಯಿಲ್ ಹಾಕಿಸಿ. ಸಣ್ಣ ಕಾರಿಗೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಕಂಪನಿ ಜಿಎಲ್-4 ಎಂಬ ದರ್ಜೆಯ ಗೇರ್ ಆಯಿಲ್ ಹೇಳಿದ ಕಡೆ "ಇದು ಅದಕ್ಕಿಂತ ಮೇಲಿಂದು" ಎಂದು ಯಾರಾದರೂ ಜಿಎಲ್-5 ಹಾಕಲು ಬಂದರೆ ಬೇಡ ಎನ್ನಿ. ಅದರ ಕೆಲವು ರಾಸಾಯನಿಕಗಳು ಹಿತ್ತಾಳೆಯ ಸಿಂಕ್ರೋನೈಸರ್‌ಗೆ ಆಗಿಬರುವುದಿಲ್ಲ.

ಎಷ್ಟು ವರ್ಷಕ್ಕೊಮ್ಮೆ ಹಚ್ಚಬೇಕು?

ವಾಯಿದೆ ಇಲ್ಲ. ಬೂಟ್ ಸರಿಯಿದ್ದರೆ ಕಂಪನಿ ಹಚ್ಚಿದ ಗ್ರೀಸೇ ವರ್ಷಗಟ್ಟಲೆ ಬರುತ್ತದೆ. ಕಿರುಗುಟ್ಟಿದಾಗ, ಅಥವಾ ಬೇರೆ ಕೆಲಸಕ್ಕೆ ಕನ್ಸೋಲ್ ಬಿಚ್ಚಿದಾಗ ನೋಡಿದರಾಯಿತು. ವಾರಂಟಿ ಇರುವ ಗಾಡಿಯಾದರೆ ನೀವು ಕೈಹಾಕದೆ ಸರ್ವಿಸ್ ಸೆಂಟರ್‌ನಲ್ಲಿ ದೂರು ಬರೆಸಿ, ಜಾಬ್‌ಕಾರ್ಡ್‌ನಲ್ಲಿ ಅದು ದಾಖಲಾಗಲಿ.

ಸೀಟಿಗೆ ಗ್ರೀಸ್ ಮೆತ್ತಿಬಿಡ್ತು, ಹೆಂಗೆ ತೆಗೀಲಿ?

ಉಜ್ಜಬೇಡಿ, ಇನ್ನೂ ಹರಡುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ಎತ್ತಿ. ಉಳಿದದ್ದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಟ್ಟು, ಹತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಹೊರ ಅಂಚಿನಿಂದ ಒಳಕ್ಕೆ ಒತ್ತಿ ಒತ್ತಿ ತೆಗೆಯಿರಿ. ಕಪ್ಪು ಗ್ರೀಸ್ ಆಗಿದ್ದರೆ ಸೀಟ್ ಕವರ್ ಅಂಗಡಿ ನಮ್ಮ ಪಕ್ಕದಲ್ಲೇ ಇದೆ.